ಗುಡುಗು ಮೋಡಕ್ಕೆ ಯಾಕೆ ಸುತ್ತು?

ಪ್ರಶ್ನೆ: ಕ್ಯಾಪ್ಟನ್ ಸಾರ್, ಭರಣಿ ಮಳೆ ಹೊತ್ತಲ್ಲಿ ಬೆಂಗಳೂರಿಂದ ಮಂಗಳೂರಿಗೆ ಹೊರಟ ವಿಮಾನ ಸುತ್ತು ಹಾಕಿತು, ಆದರೂ ಕುಲುಕಾಡಿತು. ಮೋಡದ ಮೇಲೇ ಹಾರಿಸಬಾರದಾ?
– ಓದುಗರು, ಮೂಡಿಗೆರೆ

ಉತ್ತರ: ಆಗಲ್ಲ ಕಣ್ರೀ. ನಮ್ಮ ವಿಮಾನ ಏರುವ ಮಿತಿ ಸುಮಾರು 40 ಸಾವಿರ ಅಡಿ. ಆ ಮೋಡ 50 ಸಾವಿರವನ್ನೂ ದಾಟಬಹುದು. ಮೂತಿಯಲ್ಲಿರುವ ರೇಡಾರ್ ಮಳೆಹನಿಯನ್ನು ಜೋರು ಹೆಚ್ಚಿದಂತೆ ಹಸಿರು, ಹಳದಿ, ಕೆಂಪಾಗಿ ತೋರಿಸುತ್ತದೆ. ಒಣ ಆಲಿಕಲ್ಲು ಸರಿಯಾಗಿ ಕಾಣಲ್ಲ, ಬರೀ ಗಾಳಿಯಂತೂ ಕಾಣುವುದೇ ಇಲ್ಲ. ಅದಕ್ಕೇ ಕೆಂಪು ಕಂಡರೆ 20 ನಾಟಿಕಲ್ ಮೈಲಿ ದೂರ ಸರಿಯುತ್ತೇವೆ. ಅಂದರೆ 37 ಕಿ.ಮೀ., ಹೆಚ್ಚುಕಡಿಮೆ ಹಾಸನದಿಂದ ಸಕಲೇಶಪುರ! ಅಷ್ಟು ದೂರದಲ್ಲೂ ಒಂದಿಷ್ಟು ಕುಲುಕಾಟ ಇದ್ದದ್ದೇ. ರೆಕ್ಕೆ ಬಾಗಿದರೆ ಹೆದರಬೇಡಿ, ಬಾಗಲೆಂದೇ ಮಾಡಿರುವುದು. ಪೆಟ್ಟಾಗುವುದು ಜಾಸ್ತಿ ಬೆಲ್ಟ್ ಬಿಚ್ಚಿದವರಿಗೇ. ನಾನಂತೂ ಮೊದಲು ಕಾಫಿ ಗಾಡಿ ನಿಲ್ಲಿಸಿಬಿಡುತ್ತಿದ್ದೆ. ಮಲೆನಾಡಿನವರಿಗೆ ಅದೇ ದೊಡ್ಡ ಕಷ್ಟ, ಅಲ್ವಾ?