ಉಪಾಧ್ಯಕ್ಷ ಅಭ್ಯರ್ಥಿಯನ್ನು ಯಾವ ಲೆಕ್ಕದ ಮೇಲೆ ಆರಿಸಬೇಕು?

ಪ್ರಶ್ನೆ: ನಮ್ಮಲ್ಲಿ ಉಪರಾಷ್ಟ್ರಪತಿಯನ್ನು ಸಂಸದರು ಪ್ರತ್ಯೇಕವಾಗಿ ಚುನಾಯಿಸುತ್ತಾರೆ. ಅಮೆರಿಕದಲ್ಲಿ ಮಾತ್ರ ಅಧ್ಯಕ್ಷ ಅಭ್ಯರ್ಥಿಯೇ ತಮ್ಮ ಜೊತೆಗಾರರನ್ನು ಹೆಸರಿಸುತ್ತಾರೆ. ಗೆಲ್ಲಲೇಬೇಕಾದ ರಾಜ್ಯದವರನ್ನು ಆರಿಸಿಕೊಳ್ಳುವುದೇ ಅಲ್ಲಿನ ಜಾಣತನವೇ? (ಧಾರವಾಡದ ಓದುಗರು)

ಉತ್ತರ: ರಾಜ್ಯದ ಲೆಕ್ಕಾಚಾರವನ್ನು ಬಹಳ ನೆಚ್ಚಿಕೊಳ್ಳುವಂತಿಲ್ಲ. 1960ರಲ್ಲಿ ಮ್ಯಾಸಚೂಸೆಟ್ಸ್‌ನ ಜಾನ್ ಕೆನಡಿ ಟೆಕ್ಸಾಸ್‌ನ ಲಿಂಡನ್ ಜಾನ್ಸನ್ ಅವರನ್ನು ಸೇರಿಸಿಕೊಂಡು ಆ ರಾಜ್ಯವನ್ನು ಕಡಿಮೆ ಅಂತರದಲ್ಲಿ ಗೆದ್ದುದು ನಿಜ. ಆದರೆ 1988ರಲ್ಲಿ ಮೈಕೆಲ್ ಡುಕಾಕಿಸ್ ಅದೇ ಟೆಕ್ಸಾಸ್‌ನ ಸೆನೆಟರ್ ಲಾಯ್ಡ್ ಬೆಂಟ್ಸನ್ ಅವರನ್ನು ಆರಿಸಿಕೊಂಡೂ ಅಲ್ಲಿ ಸೋತರು; 2012ರಲ್ಲಿ ಪಾಲ್ ರಯಾನ್ ಅವರ ಹೆಸರು ಮಿಟ್ ರಾಮ್ನಿಗೆ ವಿಸ್ಕಾನ್ಸಿನ್ ತಂದುಕೊಡಲಿಲ್ಲ.

ಅಧ್ಯಕ್ಷರು ನಾಳೆ ಇಲ್ಲವಾದರೆ ಈ ವ್ಯಕ್ತಿ ಆ ಹೊಣೆ ಹೊರಬಲ್ಲರೇ ಎಂಬುದನ್ನೇ ಮೊದಲು ನೋಡಬೇಕೆಂದು ನನ್ನ ದೃಢ ಅಭಿಪ್ರಾಯ. ಇದುವರೆಗೆ ಒಂಬತ್ತು ಉಪಾಧ್ಯಕ್ಷರು ಅವಧಿಯ ನಡುವೆ ಅಧ್ಯಕ್ಷರಾಗಿದ್ದಾರೆ. ಎಂಟು ಸಲ ಸಾವು ಕಾರಣ, ಒಮ್ಮೆ ರಾಜೀನಾಮೆ. 1977ರಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದ ನಮ್ಮ ಬಿ.ಡಿ. ಜತ್ತಿಯವರು ಕೆಲವೇ ತಿಂಗಳಲ್ಲಿ ಹೊಸ ರಾಷ್ಟ್ರಪತಿಗೆ ಸ್ಥಾನ ಬಿಟ್ಟುಕೊಟ್ಟರು. ಅಮೆರಿಕದಲ್ಲಿ ಹಾಗಲ್ಲ, ಉಳಿದ ಅವಧಿಯಷ್ಟೂ ಉಪಾಧ್ಯಕ್ಷರದೇ.

1944ರಲ್ಲಿ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರ ಆರೋಗ್ಯ ಕುಸಿಯುತ್ತಿರುವುದನ್ನು ಕಂಡ ಡೆಮಾಕ್ರಟಿಕ್ ಮುಖಂಡರು ಹಾಲಿ ಉಪಾಧ್ಯಕ್ಷ ಹೆನ್ರಿ ವಾಲೇಸ್ ಅವರನ್ನು ಬಿಟ್ಟು ಹ್ಯಾರಿ ಟ್ರೂಮನ್ ಅವರನ್ನು ಮುಂದೆ ತಂದರು. ಅಷ್ಟು ಯೋಚಿಸಿ ಆರಿಸಿದವರಿಗೆ ಆಮೇಲೆ ಆಡಳಿತದ ಒಳಗುಟ್ಟನ್ನೇ ತಿಳಿಸಲಿಲ್ಲ. ಉಪಾಧ್ಯಕ್ಷರಾಗಿ 82 ದಿನ ಕಳೆದಿದ್ದಾಗ, 1945ರ ಏಪ್ರಿಲ್ 12ರ ಸಂಜೆ, ಟ್ರೂಮನ್ ಅವರಿಗೆ ಶ್ವೇತಭವನದಿಂದ ಕರೆ ಬಂತು. ಪತಿ ತೀರಿಕೊಂಡರೆಂದು ತಿಳಿಸಿದ ಎಲೀನರ್ ರೂಸ್ವೆಲ್ಟ್ ಅವರನ್ನು, ತಮ್ಮಿಂದ ಏನಾದರೂ ಆಗಬೇಕೇ ಎಂದು ಅವರು ಕೇಳಿದರು. ನಮ್ಮಿಂದ ನಿಮಗೇನಾಗಬೇಕು ಹೇಳಿ, ಈಗ ಕಷ್ಟಕ್ಕೆ ಸಿಕ್ಕವರು ನೀವು ಎಂಬರ್ಥದ ಮಾತನ್ನು ಆಕೆ ಆಡಿದರು. ಯುದ್ಧ ಇನ್ನೂ ನಡೆಯುತ್ತಿತ್ತು. ಅಣುಬಾಂಬ್ ಯೋಜನೆಯ ಪೂರ್ಣ ವಿವರ ಹೊಸ ಅಧ್ಯಕ್ಷರಿಗೆ ಸಿಕ್ಕಿದ್ದು ಸುಮಾರು ಎರಡು ವಾರದ ನಂತರ.

ಆಯ್ಕೆಯಲ್ಲಿ ಆತುರವೂ ಸಲ್ಲದು. 1972ರಲ್ಲಿ ಜಾರ್ಜ್ ಮೆಕ್‌ಗವರ್ನ್ ಪಕ್ಷದ ಸಮಾವೇಶದ ಕೊನೆಯ ಗಳಿಗೆಯಲ್ಲಿ ಸೆನೆಟರ್ ಥಾಮಸ್ ಈಗಲ್ಟನ್ ಅವರನ್ನು ಹೆಸರಿಸಿದರು. ಖಿನ್ನತೆಗಾಗಿ ಅವರು ಆಸ್ಪತ್ರೆ ಸೇರಿ ವಿದ್ಯುತ್ ಆಘಾತ ಚಿಕಿತ್ಸೆ ಪಡೆದಿದ್ದ ವಿಷಯ ಹೊರಬಿದ್ದಾಗ ಶೇ 1000ರಷ್ಟು ಬೆಂಬಲವಿದೆ ಎಂದಿದ್ದ ಮೆಕ್‌ಗವರ್ನ್, ಕೆಲವೇ ದಿನಗಳಲ್ಲಿ ಅವರನ್ನು ಕೈಬಿಟ್ಟರು. ಕಾಯಿಲೆ ಬಂದದ್ದು ಈಗಲ್ಟನ್ ಅವರ ತಪ್ಪಲ್ಲ. ಸಮಾಧಾನದಿಂದ ಕೂತು ಕೇಳಿ ತಿಳಿಯದೆ ಹೋದದ್ದು ಆರಿಸಿದವರ ತಪ್ಪು. ಇಂದು ವಕೀಲರ ತಂಡವು ಆದಾಯ ತೆರಿಗೆಯ ಪತ್ರಗಳಿಂದ ಹಿಡಿದು ಹಳೆಯ ಭಾಷಣಗಳವರೆಗೆ ಎಲ್ಲವನ್ನೂ ವಾರಗಟ್ಟಲೆ ಜಾಲಾಡುತ್ತದೆ.

ನಾನು ಮೆಚ್ಚುವ ಆಯ್ಕೆ 1976ರದು. ಜಿಮ್ಮಿ ಕಾರ್ಟರ್ ಸಂಭಾವ್ಯರಲ್ಲಿ ಹಲವರನ್ನು ಜಾರ್ಜಿಯಾದ ಪ್ಲೇನ್ಸ್ ಎಂಬ ಸಣ್ಣ ಊರಿನ ತಮ್ಮ ಮನೆಗೇ ಕರೆಸಿ, ಎದುರು ಕೂರಿಸಿಕೊಂಡು ಮಾತಾಡಿ, ವಾಲ್ಟರ್ ಮಾಂಡೇಲ್ ಅವರನ್ನು ಆರಿಸಿದರು. ಗೆದ್ದ ಮೇಲೆ ಅವರಿಗೆ ಶ್ವೇತಭವನದ ಪಶ್ಚಿಮ ಪಾರ್ಶ್ವದಲ್ಲಿ, ತಮ್ಮ ಕಚೇರಿಯ ಸಮೀಪದಲ್ಲೇ ಕೋಣೆ ಕೊಟ್ಟರು. ಉಪಾಧ್ಯಕ್ಷರಿಗೆ ಅಲ್ಲಿ ಕಚೇರಿ ಇರುವುದು ಅಂದಿನಿಂದಲೇ ರೂಢಿಯಾಯಿತು.