ಪಿಜ್ಜಾ ಓವನ್ ತಳಕ್ಕೆ ಮರಳು ಹಾಸಿದರೆ ಸಾಕು ಅಂತಾರೆ ಮೇಸ್ತ್ರಿ, ನಿಜಾನಾ? (ತಾರಸಿ ಮೇಲೆ ಓವನ್, ಅಗ್ಗಿಷ್ಟಿಕೆ, ಎರಡಕ್ಕೂ ಒಂದೇ ಚಿಮಣಿ ಅನ್ನೋದು ನಮ್ಮ ಪ್ಲಾನ್)

ಸಾಲದು. ನಮ್ಮ ಮೇಸ್ತ್ರಿಯೂ ಇದೇ ಮಾತು ಹೇಳಿದ್ದರು: "ಸ್ಲ್ಯಾಬ್ ಮೇಲೆ ಎರಡಿಂಚು ಎಂ-ಸ್ಯಾಂಡ್ ಹಾಸಿ ಫೈರ್ ಬ್ರಿಕ್ (ಉರಿ ತಾಳೋ ಇಟ್ಟಿಗೆ) ಕೂರಿಸೋಣ ಸಾರ್, ಕಾವು ಕೆಳಗಿಳಿಯಲ್ಲ." ಬೆಂಗಳೂರಿನ ನಾಗರಬಾವಿಯ ನಮ್ಮ ಹಿತ್ತಲಲ್ಲಿ ಹಾಗೇ ಕಟ್ಟಿಸಿದೆ. ಗುಮ್ಮಟ ನೋಡೋಕೆ ಚೆನ್ನಾಗಿಯೇ ಬಂತು. ಎರಡು ಗಂಟೆ ಸೌದೆ ಉರಿಸಿ, ದೂರದಿಂದಲೇ ಕಾವು ಅಳೆಯೋ ಇನ್‌ಫ್ರಾರೆಡ್ ಗನ್ ಹಿಡಿದರೆ ಗುಮ್ಮಟ 440 ಡಿಗ್ರಿ, ತಳ ಬರೀ 240. ಪಿಜ್ಜಾ ಹಾಕಿದೆ. ಮೇಲೆ ಚೀಸು ಸುಟ್ಟ ಬದನೆಕಾಯಿ ಸಿಪ್ಪೆಯ ಹಾಗೆ ಕಪ್ಪಾಯಿತು, ಕೆಳಗೆ ಹಿಟ್ಟು ಹಸಿಯಾಗಿ ಬೆರಳಿಗೆ ಅಂಟಿತು. ಎರಡನೇ ಪಿಜ್ಜಾ ಹೊತ್ತಿಗೆ ತಳ 210ಕ್ಕೆ ಇಳಿದಿತ್ತು. ನೇಪಲ್ಸ್‌ನವರು 60ರಿಂದ 90 ಸೆಕೆಂಡಿನಲ್ಲಿ ಪಿಜ್ಜಾ ತೆಗೆಯೋದು ತಳ 380ರಿಂದ 430 ಇದ್ದಾಗ. ಮನೆ ಮಟ್ಟಕ್ಕೆ 330 ಆದರೂ ಬೇಕೇ ಬೇಕು.

ಇದು ಯಾಕೆ ಹೀಗಾಗುತ್ತೆ ಅನ್ನೋದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ನನ್ನ ದುಡ್ಡು ಹೋಗಿದ್ದು ಇಲ್ಲೇ. 36 ಇಂಚು ವ್ಯಾಸದ ತಳಕ್ಕೆ ಹಿಡಿಯೋ ಫೈರ್ ಬ್ರಿಕ್ ತೂಕ ಸುಮಾರು 110 ಕೆ.ಜಿ. ಅದರ ಕೆಳಗಿನ ನಾಲ್ಕಡಿಗೆ ನಾಲ್ಕಡಿ, ಐದಿಂಚು ದಪ್ಪದ ಸ್ಲ್ಯಾಬ್ 450 ಕೆ.ಜಿ. ಹತ್ತಿರ, ನಡುವಿನ ಮರಳು ಇನ್ನೊಂದು ನೂರು. ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಹಾಗಾಗಿ ತಳಕ್ಕೆ ಇಳಿದ ಕಾವಿನಲ್ಲಿ ಬಹಳಷ್ಟು ಮರಳು, ಕಾಂಕ್ರೀಟ್ ಕಾಯಿಸೋಕೇ ಖರ್ಚಾಯಿತು. ಕಾವನ್ನು ತಡೆಯೋದು ಒಳಗೆ ಸಿಕ್ಕಿಕೊಂಡ ಗಾಳಿ. ಮರಳಿನ ಕಾಳು ಒಂದಕ್ಕೊಂದು ತಾಗಿಕೊಂಡೇ ಇರೋದರಿಂದ ಅಲ್ಲಿ ಗಾಳಿಗೆ ಜಾಗವೇ ಕಮ್ಮಿ. ಮಳೆಗೆ ತೇವ ಹಿಡಿಯಿತು ಅಂದರೆ ಇನ್ನೂ ಕೇಡು: ಆ ನೀರೆಲ್ಲ ಆವಿಯಾಗಿ ಹೋಗೋವರೆಗೂ ತಳ ಮೇಲೇಳೋದಿಲ್ಲ. ಸ್ಲ್ಯಾಬಿನ ಗತಿ ಬೇರೆ. ಮೇಲ್ಭಾಗ ಕಾದು ಹಿಗ್ಗುತ್ತೆ, ಕೆಳಭಾಗ ತಣ್ಣಗೇ ಇರುತ್ತೆ. ಒಂದು ತಿಂಗಳಲ್ಲಿ ಸ್ಲ್ಯಾಬಿನ ಅಡಿಯಲ್ಲಿ, ಅಂದರೆ ಕೆಳಗಿನ ಸೌದೆ ಗೂಡಿನ ಮೇಲ್ಛಾವಣಿಯಲ್ಲಿ ಬಿರುಕು ಕಾಣಿಸಿತು.

ತಳ ಕಿತ್ತು ಸರಿಮಾಡೋಣ ಅಂದರೆ ಅದೂ ಆಗಲಿಲ್ಲ, ಗುಮ್ಮಟದ ಗೋಡೆ ಆ ತಳದ ಇಟ್ಟಿಗೆಗಳ ಮೇಲೇ ಕೂತಿತ್ತು. ಒಳಗಡೆಯಿಂದಲೇ ಕಾವು ತಡೆಯೋ ಎರಡಿಂಚು ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್ ಹಾಕಿ ಮೇಲೆ ಒಂದೂವರೆ ಇಂಚಿನ ಫೈರ್ ಟೈಲ್ ಹಾಸಿದರೆ ಹೇಗೆ ಅಂತಲೂ ಲೆಕ್ಕ ಹಾಕಿದೆ. ತಳ ಮೂರೂವರೆ ಇಂಚು ಮೇಲೆ ಬಂದರೆ ಹನ್ನೊಂದಿಂಚಿನ ಬಾಯಿ ಎಂಟಿಂಚಿಗೂ ಕಮ್ಮಿಯಾಗುತ್ತೆ. ಹೊಗೆ ಹೊರಗೆ ಬರೋಲ್ಲ, ಕೈಯೂ ಒಳಗೆ ಹೋಗೋಲ್ಲ. ಗುಮ್ಮಟ ಒಡೆಸಿದೆ. ಅರ್ಧಕ್ಕರ್ಧ ಇಟ್ಟಿಗೆ ಪುಡಿಯಾದವು.

ಸರಿಯಾದ ಕ್ರಮ ಕೆಳಗಿನಿಂದ ಹೀಗೆ. ಆರಿಂಚು ಸಾಲಿಡ್ ಬ್ಲಾಕಿನಲ್ಲಿ ಮೂರು ಕಡೆ ಗೋಡೆ, ಮೂರಡಿ ಎತ್ತರ. ಮೇಲೆ 10 ಎಂ.ಎಂ. ಕಂಬಿಯನ್ನು ಉದ್ದ, ಅಡ್ಡ ಎರಡೂ ಕಡೆ ಆರಿಂಚಿಗೊಂದರಂತೆ ಕಟ್ಟಿ ಐದಿಂಚು ಸ್ಲ್ಯಾಬ್. ಕಾಂಕ್ರೀಟ್ ಹಾಕೋ ಮೊದಲೇ ಅರ್ಧ ಇಂಚಿನ ಪೈಪ್ ತುಂಡು ಎರಡು ಮೂರು ನಿಲ್ಲಿಸಿ, ನೀರು ಬಸಿಯೋಕೆ ಅದೊಂದೇ ದಾರಿ. ಸ್ಲ್ಯಾಬ್ ಮೇಲೆ ನಾಲ್ಕಿಂಚು ವರ್ಮಿಕ್ಯುಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಖನಿಜದ ಕಾಳು) ಕಾಂಕ್ರೀಟ್: ಅಳತೆಯಲ್ಲಿ ಐದು ಪಾಲು ವರ್ಮಿಕ್ಯುಲೈಟ್, ಒಂದು ಪಾಲು ಸಿಮೆಂಟ್. ನಾಲ್ಕಡಿ ಚದರಕ್ಕೆ ಸುಮಾರು 170 ಲೀಟರ್ ವರ್ಮಿಕ್ಯುಲೈಟ್, ಒಂದು ಮೂಟೆ ಸಿಮೆಂಟ್ ಬೇಕು. ಮುಷ್ಟಿಯಲ್ಲಿ ಹಿಂಡಿದರೆ ರವೆ ಉಂಡೆಯಂತೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಒತ್ತಿ ಒತ್ತಿ ದಮ್ಮಸ್ಸು ಮಾಡೋಕೆ ಬಿಡಬೇಡಿ, ಒಳಗಿನ ಗಾಳಿಯೇ ಹೋಗಿಬಿಡುತ್ತೆ. ನರ್ಸರಿಯ ಪುಟ್ಟ ಪ್ಯಾಕೆಟ್ಟುಗಳು ದುಬಾರಿ. ಮೂಟೆ ಲೆಕ್ಕದಲ್ಲಿ, ದಪ್ಪ ಕಾಳಿನದು ಕೇಳಿ. ವರ್ಮಿಕ್ಯುಲೈಟ್ ಸಿಗದಿದ್ದರೆ ಪರ್ಲೈಟ್ ಆದರೂ ನಡೆಯುತ್ತೆ.

ಇದು ಒಣಗಿದ ಮೇಲೆ ಫೈರ್‌ಕ್ಲೇ (ಉರಿ ತಾಳೋ ಜೇಡಿಮಣ್ಣು) ಮತ್ತು ಜರಡಿ ಹಿಡಿದ ಮರಳು ಬೆರೆಸಿ ಕಾಲಿಂಚಿನ ಹಾಸು, ಅದೂ ಮಟ್ಟ ಕೂರಿಸೋಕೆ ಮಾತ್ರ. ಅದರ ಮೇಲೆ ಇಟ್ಟಿಗೆಗಳನ್ನು ಗಾರೆ ಇಲ್ಲದೆ, ಒಂದಕ್ಕೊಂದು ಒತ್ತಿ, ಬಾಯಿಗೆ ಓರೆಯಾಗಿ ಹಾಸಿ. ನೇರ ಹಾಸಿದರೆ ಪಿಜ್ಜಾ ಸಲಿಕೆ ಪ್ರತಿ ಸಂದಿಗೂ ಎಡವುತ್ತೆ. ಗುಮ್ಮಟದ ಮೊದಲ ವರಸೆ ಈ ತಳದ ಸುತ್ತ ಬರಲಿ, ತಳದ ಮೇಲೆ ಬೇಡ. ಆಗ ಮುಂದೆ ಯಾವ ಇಟ್ಟಿಗೆ ಒಡೆದರೂ ಅದೊಂದನ್ನೇ ಎತ್ತಿ ಬದಲಿಸಬಹುದು.

ಇಟ್ಟಿಗೆ 9 × 4½ × 3 ಇಂಚಿನದು. ಪೀಣ್ಯದ ಕಡೆ ರಿಫ್ರ್ಯಾಕ್ಟರಿ, ಅಂದರೆ ಉರಿ ತಾಳೋ ಸಾಮಾನು ಮಾರುವವರ ಹತ್ತಿರ "ಐಎಸ್-8" ಅಂತ ಕೇಳಿ. ತಳಕ್ಕೆ 30, ಗುಮ್ಮಟಕ್ಕೆ 75-80, ಬಾಯಿ ಕಮಾನಿಗೆ ಮತ್ತು ಒಡೆಯೋದಕ್ಕೆ ಸೇರಿಸಿ 130 ತಂದರೆ ಧೈರ್ಯ. ಗುಮ್ಮಟಕ್ಕೆ ಅರ್ಧರ್ಧ ಕತ್ತರಿಸಬೇಕು. ನೀರು ಬಿಟ್ಟುಕೊಂಡೇ ಕತ್ತರಿಸಿ, ಎನ್-95 ಮಾಸ್ಕ್ ಹಾಕಿ, ಆ ಧೂಳು ಶ್ವಾಸಕೋಶಕ್ಕೆ ವಿಷ. ಗಾರೆಗೆ ಮರಳು 3, ಸಿಮೆಂಟ್ 1, ಸುಣ್ಣದ ಪುಡಿ 1, ಫೈರ್‌ಕ್ಲೇ 1. ಬರೀ ಸಿಮೆಂಟ್ ಗಾರೆ 400-500 ಡಿಗ್ರಿ ದಾಟಿದ ಮೇಲೆ ಪುಡಿಯಾಗುತ್ತೆ. ಗುಮ್ಮಟದ ಒಳ ಎತ್ತರ 18 ಇಂಚು ಇಟ್ಟರೆ ಬಾಯಿಯ ಎತ್ತರ ಅದರ ಶೇ. 63, ಅಂದರೆ ಸುಮಾರು 11¼ ಇಂಚು. ಚಿಮಣಿ ಬಾಯಿಯ ಮುಂದೆ ಬರಬೇಕು. ಗುಮ್ಮಟದ ನೆತ್ತಿಗೆ ತೂತು ಕೊರೆದರೆ ಕಾವೆಲ್ಲ ನೇರ ಆಕಾಶಕ್ಕೆ.

ಹೊರಗಡೆ ಒಂದಿಂಚಿನ ಸೆರಾಮಿಕ್ ಫೈಬರ್ ಬ್ಲ್ಯಾಂಕೆಟ್ ಮೂರು ಸುತ್ತು, ಕೋಳಿ ಬಲೆ, ಮೇಲೆ ವರ್ಮಿಕ್ಯುಲೈಟ್ ಗಾರೆ. ಕೈಗವಸು ಮರೆತರೆ ಎರಡು ದಿನ ಕೆರೆದುಕೊಳ್ತೀರಿ.

ಗುಮ್ಮಟ ಮುಗಿದ ಮೇಲೆ ಒಂದು ವಾರ ಒದ್ದೆ ಗೋಣಿ, ಆಮೇಲೆ ಎರಡು ವಾರ ಸುಮ್ಮನೆ ಬಿಡಿ. ಮೊದಲ ಬೆಂಕಿ 100 ಡಿಗ್ರಿ ದಾಟಬಾರದು. ದಿನಕ್ಕೆ 50ರಂತೆ ಏರಿಸುತ್ತಾ ಆರೇಳು ದಿನ, ದಿನಾ ನಾಲ್ಕೈದು ಗಂಟೆ. ನೀರು ಆವಿಯಾದಾಗ ಸಾವಿರದ ಆರುನೂರು ಪಟ್ಟು ಹಿಗ್ಗುತ್ತೆ. ಹೊರಗೆ ಹೋಗೋಕೆ ದಾರಿ ಸಿಗದಿದ್ದರೆ ಇಟ್ಟಿಗೆಯನ್ನೇ ಸೀಳುತ್ತೆ. ಕೂದಲೆಳೆ ಬಿರುಕು ಬಂದೇ ಬರುತ್ತೆ, ಹೆದರಬೇಡಿ. ಕೊನೆಯ ವಾಟರ್‌ಪ್ರೂಫ್ ಲೇಪ ಇದಾದ ಮೇಲೆ. ಕೆಲಸ ಜನವರಿಯಲ್ಲಿ ಶುರು ಮಾಡಿದರೆ ಒಣಗೋದಕ್ಕೆ ಬಿಸಿಲು ಸಿಗುತ್ತೆ. ಮೇಲೊಂದು ಶೀಟಿನ ಮಾಡು ಇರಲೇಬೇಕು, ಸೆಪ್ಟೆಂಬರ್-ಅಕ್ಟೋಬರ್ ಮಳೆಗೆ ನೆನೆದ ಓವನ್ ಮತ್ತೆ ಮೊದಲಿನಿಂದ ಒಣಗಿಸಬೇಕಾಗುತ್ತೆ.

ಈಗ ನಿಮ್ಮ ಪ್ಲಾನಿನ ವಿಷಯ. ತಾರಸಿ ಬೇಡ. ಬ್ಲಾಕ್ ಗೋಡೆ ಒಂದು ಟನ್, ಸ್ಲ್ಯಾಬ್ ಅರ್ಧ ಟನ್ನಿಗೆ ಸ್ವಲ್ಪ ಕಮ್ಮಿ, ಇಟ್ಟಿಗೆ ಅರ್ಧ ಟನ್. ಒಂದೂವರೆ ಚದರ ಮೀಟರ್ ಜಾಗದಲ್ಲಿ ಎರಡು ಟನ್ ಕೂರುತ್ತೆ. ಜನ ಓಡಾಡೋ ತಾರಸಿಗೆ ಕಟ್ಟಡದ ಭಾರದ ಲೆಕ್ಕ ಹೇಳೋ ಭಾರತೀಯ ಮಾನದಂಡ ಐಎಸ್ 875ರಲ್ಲಿ ಹಿಡಿಯೋ ಲೈವ್ ಲೋಡ್ (ಜನ, ಸಾಮಾನಿನ ಭಾರ) ಚದರ ಮೀಟರಿಗೆ ಸುಮಾರು 150 ಕೆ.ಜಿ. ಆ ಜಾಗಕ್ಕೆ ಲೆಕ್ಕ ಹಾಕಿದರೆ 225 ಕೆ.ಜಿ. ಆಯಿತು. ತಾರಸಿಯೇ ಆಗಬೇಕು ಅಂದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ, ಕಾಲಂನಿಂದ ಕಾಲಂಗೆ ಕಬ್ಬಿಣದ ಬೀಮ್ ಕೊಟ್ಟು ಅದರ ಮೇಲೆ 24 ಇಂಚಿನ ಹಗುರ ಸ್ಟೀಲ್ ಓವನ್ ಇಡಿ.

ಅಗ್ಗಿಷ್ಟಿಕೆಯನ್ನಂತೂ ಕೈಬಿಡಿ. ಬೆಂಗಳೂರಲ್ಲಿ ದಾಖಲಾದ ಅತಿ ಕಮ್ಮಿ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ದಂಡು ಪ್ರದೇಶದ ಹಳೇ ಬಂಗಲೆಗಳಿಗೆ ಅಗ್ಗಿಷ್ಟಿಕೆ ಒಪ್ಪುತ್ತಿತ್ತು. ಈಗಿನ ಚಳಿಗೆ ಓವನ್ ಬಾಯಿ ತೆರೆದು ಎದುರಿಗೆ ಕುರ್ಚಿ ಹಾಕಿಕೊಂಡರೆ ಬೆವರುತ್ತೀರಿ. ಒಂದೇ ಚಿಮಣಿ ಇನ್ನೂ ಕೆಟ್ಟ ಯೋಚನೆ: 30 × 24 ಇಂಚಿನ ಅಗ್ಗಿಷ್ಟಿಕೆ ಬಾಯಿಗೆ ಅದರ ಹತ್ತನೇ ಒಂದು ಭಾಗ, ಅಂದರೆ ಹತ್ತಿಂಚಿನ ಕೊಳವೆ ಬೇಕು. ಓವನ್‌ಗೆ 6 ಇಂಚು ಸಾಕು, ಚಿಮಣಿ ಗಿಡ್ಡವಾದರೆ 8. ಎರಡನ್ನೂ ಸೇರಿಸಿದರೆ ಒಂದನ್ನು ಉರಿಸಿದಾಗ ಇನ್ನೊಂದರ ಬಾಯಿಂದ ಹೊಗೆ ಬರುತ್ತೆ, ಅಥವಾ ಅಲ್ಲಿಂದ ತಣ್ಣನೆ ಗಾಳಿ ನುಗ್ಗಿ ಎಳೆತವೇ ಸಾಯುತ್ತೆ. ಚಿಮಣಿಯ ತುದಿ ಹತ್ತಡಿಯೊಳಗಿನ ಯಾವುದಕ್ಕಿಂತಲೂ ಎರಡಡಿ ಮೇಲಿರಬೇಕು. 30 × 40 ಅಡಿ ಸೈಟಿನಲ್ಲಿ ಆ ಹತ್ತಡಿಯೊಳಗೆ ಪಕ್ಕದ ಮನೆಯವರ ಕಿಟಕಿಯೂ ಬರುತ್ತೆ ಅನ್ನೋದು ನೆನಪಿರಲಿ.

ಓವನ್ ಪಕ್ಕದ ಅಡುಗೆ ಕಟ್ಟೆಗೆ ಕಡಪ ಕಲ್ಲು ಹಾಕಿದರೆ ನಿಂಬೆ, ಹುಣಸೆ ಹುಳಿಗೆ ಕಲೆ ಕೂರುತ್ತೆ, ಅದು ಸುಣ್ಣಕಲ್ಲು. ಸಾದರಹಳ್ಳಿ ಗ್ರಾನೈಟ್ ಕಲ್ಲು ಚೆನ್ನಾಗಿರುತ್ತೆ, ಆದರೆ ಉರಿ ತಾಗೋ ಓವನ್ ಬಾಯಿಗೆ ಹಾಕಬೇಡಿ. ಅದರಲ್ಲಿನ ಕ್ವಾರ್ಟ್ಜ್ ಅನ್ನೋ ಖನಿಜ 573 ಡಿಗ್ರಿಗೆ ತಟ್ಟನೆ ಹಿಗ್ಗಿ ಚಕ್ಕೆ ಏಳುತ್ತೆ. ಕಟ್ಟೆಯಲ್ಲಿ ಗ್ಯಾಸ್ ಒಲೆಯೂ ಇಡೋದಾದರೆ ಸಿಲಿಂಡರ್ ಓವನ್‌ನಿಂದ ದೂರದ ಕೊನೆಯಲ್ಲಿರಲಿ, ಅದರ ಗೂಡಿಗೆ ಕಿಂಡಿ ನೆಲಮಟ್ಟದಲ್ಲಿ ಕೊಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತೆ.

ಸೌದೆಗೆ ಸರ್ವೆ, ಜಾಲಿ, ಹುಣಸೆ ಆಗುತ್ತೆ, ಚೆನ್ನಾಗಿ ಒಣಗಿರಬೇಕು ಅಷ್ಟೆ. ಸೆಂಟ್ರಿಂಗ್ ಹಲಗೆ, ಪ್ಲೈವುಡ್ ತುಂಡು ಅಂತ ಮೇಸ್ತ್ರಿ ಬಿಟ್ಟುಹೋಗಿದ್ದನ್ನು ಉರಿಸಬೇಡಿ, ಅದರ ಅಂಟು, ಎಣ್ಣೆ ಎಲ್ಲ ನಿಮ್ಮ ಪಿಜ್ಜಾಕ್ಕೇ ಬರುತ್ತೆ. ನಿಮ್ಮ ಸ್ಲ್ಯಾಬ್ ಇನ್ನೂ ಹಾಕಿಲ್ಲ ತಾನೇ? ಹಾಗಿದ್ದರೆ ಇವತ್ತೇ ಮೇಸ್ತ್ರಿಗೆ ಫೋನ್ ಮಾಡಿ ಕಾಂಕ್ರೀಟ್ ನಿಲ್ಲಿಸಿ. ನೀರು ಬಸಿಯೋ ಪೈಪ್ ಆಮೇಲೆ ಹಾಕೋದು ಅಂದರೆ ಸ್ಲ್ಯಾಬನ್ನೇ ಕೊರೆಯಬೇಕಾಗುತ್ತೆ.