ಸಿಎನ್‌ಜಿ ಸಿಲಿಂಡರ್ ಒಮ್ಮೊಮ್ಮೆ ಪೂರ್ತಿ ತುಂಬುವುದಿಲ್ಲ ಏಕೆ?

ಒತ್ತಡದಿಂದ ವೇಗವಾಗಿ ತುಂಬಿಸುವಾಗ ಸಿಲಿಂಡರಿನೊಳಗಿನ ಅನಿಲ ಬಿಸಿಯಾಗುವುದೇ ಇದಕ್ಕೆ ಮುಖ್ಯ ಕಾರಣ. ಪೆಟ್ರೋಲ್ ಟ್ಯಾಂಕ್ ತುಂಬಿತೆಂಬುದನ್ನು ದ್ರವದ ಮಟ್ಟ ಹೇಳುತ್ತದೆ. ಸಿಎನ್‌ಜಿಯಲ್ಲಿ ಅದನ್ನು ಹೇಳುವುದು ಒತ್ತಡ, ಅಂದರೆ ಸುಮಾರು 200 ಬಾರ್ (ವಾತಾವರಣದ ಒತ್ತಡದ ಹತ್ತಿರಹತ್ತಿರ 200 ಪಟ್ಟು). ಬಿಸಿಯಾದ ಅನಿಲ ಹೆಚ್ಚು ಒತ್ತಡ ಹೇರುವುದರಿಂದ, ಒಳಗೆ ಸೇರಬೇಕಾದಷ್ಟು ಕಿಲೋಗ್ರಾಂ ಸೇರುವ ಮೊದಲೇ ಮುಳ್ಳು 200 ಮುಟ್ಟಿ, ತುಂಬಿಸುವ ಯಂತ್ರ ನಿಂತುಬಿಡುತ್ತದೆ. ಅನಿಲವು 15 ಡಿಗ್ರಿ ಸೆಲ್ಸಿಯಸ್ ಬದಲು 50 ಡಿಗ್ರಿಯಲ್ಲಿದ್ದರೆ, ಅದೇ ಒತ್ತಡದಲ್ಲಿ ಹಿಡಿಯುವ ಅನಿಲ ಹತ್ತರಲ್ಲೊಂದು ಪಾಲಿಗಿಂತಲೂ ಹೆಚ್ಚು ಕಡಿಮೆಯಾಗುತ್ತದೆ. ರಾತ್ರಿ ನಿಲ್ಲಿಸಿದ ವಾಹನದ ಮುಳ್ಳು ಬೆಳಗ್ಗೆ ಸ್ವಲ್ಪ ಇಳಿದಿರುವುದು ಕೂಡ ಸಾಮಾನ್ಯವಾಗಿ ಅನಿಲ ತಣ್ಣಗಾದ ಲಕ್ಷಣ; ಆದರೆ ವಾಸನೆ ಬಂದರೆ ಸೋರಿಕೆಯೆಂದೇ ಭಾವಿಸಿ ತಪಾಸಣೆ ಮಾಡಿಸಬೇಕು.

ಅನಿಲ ತುಂಬಿಸುವ ಕೇಂದ್ರದ ದಾಸ್ತಾನು ಸಿಲಿಂಡರುಗಳ ಒತ್ತಡವೂ ಲೆಕ್ಕಕ್ಕೆ ಬರುತ್ತದೆ. ಅನಿಲ ಹರಿಯುವುದು ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ. ಸಾಲಾಗಿ ಹಲವು ವಾಹನ ತುಂಬಿಸಿದ ಮೇಲೆ ಕಂಪ್ರೆಸರ್ ಆ ಕೊರತೆಯನ್ನು ಭರಿಸುವವರೆಗೆ ಹರಿವು ನಿಧಾನವಾಗಿ, 200 ಬಾರ್ ತಲುಪದೆಯೂ ಹೋಗಬಹುದು. ಜನಸಂದಣಿಯಿಲ್ಲದ ಹೊತ್ತಿನಲ್ಲಿ ತುಂಬಿಸುವುದು ಮೇಲು. ಹಣವನ್ನು ತೂಕದ ಮೇಲೆ ಕೊಡುವುದರಿಂದ, ಕಡಿಮೆ ತುಂಬಿದರೂ ನಷ್ಟವಾಗುವುದು ಕ್ರಮಿಸುವ ದೂರ ಮಾತ್ರ.

ಕಾರುಗಳಲ್ಲಿ 700 ಬಾರ್ ಒತ್ತಡ ಬೇಡುವ ಹೈಡ್ರೋಜನ್‌ನಲ್ಲಿ ಇದೇ ತೊಡಕು ಇನ್ನೂ ತೀವ್ರ: ಅದನ್ನು ಸುಮಾರು ಮೈನಸ್ 40 ಡಿಗ್ರಿಗೆ ತಣಿಸಿಯೇ ತುಂಬಿಸುತ್ತಾರೆ. ಅಂಥ ಶೀತಕ, ಕಂಪ್ರೆಸರುಗಳ ಬಂಡವಾಳ ದೊಡ್ಡದಾದ್ದರಿಂದಲೇ ಸರ್ಕಾರಗಳು ವಾಹನಗಳ ಜೊತೆಗೆ ಕೇಂದ್ರಗಳಿಗೂ ಸಹಾಯಧನ ನೀಡುವುದುಂಟು.